ಮೋಟಾರಿನ ಮೂತಿಗೆ ವಿಭೂತಿ

ಎತ್ತು ಮಾರಿ ಮೋಟಾರು ತಂದ ಗಂಡಸನ್ನು ಕಟ್ಟಿಕೊಂಡವಳಿಗೆ ತವರು ಎಂಬುದು ಕೈಲಾಸಕ್ಕಿಂತ ದೂರ. ಕೈಲಾಸಕ್ಕಾದರೆ ಸತ್ತಾದರೂ ಹೋಗಬಹುದು; ಬಾಗೂರಿಗೆ ಹಾಗೂ ಹೋಗಲಾಗುವುದಿಲ್ಲ.

ಈ ಸತ್ಯ ಚಿತ್ರದುರ್ಗದ ಹತ್ತಿ ವ್ಯಾಪಾರಿ ಮರುಳಸಿದ್ದಪ್ಪನವರ ಹೆಂಡತಿ ವೀರಮ್ಮನಿಗೆ ಚೆನ್ನಾಗಿ ಗೊತ್ತಾಗಿತ್ತು. ಯಾರೋ ದೊರೆ ಓಡಿಸಿ ಸಾಕಾಗಿ ಬಿಟ್ಟ ಮೋಟಾರನ್ನು ಬೆಂಗಳೂರಿನಿಂದ ಮನೆಗೆ ತಂದ ದಿನವೇ ಗಾಡಿ, ಎತ್ತು ಎರಡೂ ಹೋದವು. "ಇನ್ಮೇಲೆ ಇಲ್ಲಿ ರೊಟ್ಟಿ ತಿಂದು ಹೊಂಟ್ರೆ, ಅದು ಅರಗಾದ್ರಾಗೆ ನಿನ್ ತವರು" ಎಂದಿದ್ದರು ಯಜಮಾನರು. ರೊಟ್ಟಿಗಳು ಅರಗಿದವು, ವೀರಮ್ಮನ ಆಸೆಯೂ ಅರಗಿತು. ಆ ಮೋಟಾರು ಎಮ್ಮೆಯ ಹಾಗೆ ನೀರು ಕುಡಿದು, ದಾರಿಯಲ್ಲಿ ಸಿಗುವ ಹೊಳಲ್ಕೆರೆ ಕಣ್ಣಿಗೆ ಬೀಳುವ ಮೊದಲೇ ಬುಸುಗುಟ್ಟಿ ನಿಲ್ಲುತ್ತಿತ್ತು. ಆಮೇಲೆ ಯಾರದೋ ಎತ್ತು ಕಟ್ಟಿ ಎಳೆಸಿಕೊಂಡು ವಾಪಸು. (ಆಗಲೂ ಯಜಮಾನರು ಚಕ್ರ ಹಿಡಿದು ಠೀವಿಯಿಂದ ಕೂತಿರುತ್ತಿದ್ದರು, ಎತ್ತುಗಳಿಗೆ ದಾರಿ ಗೊತ್ತಿಲ್ಲವೆಂಬಂತೆ.)

ಈಗ ತವರೂರು ಬಾಗೂರಿನಲ್ಲಿ ತಂಗಿ ಕಮಲಮ್ಮನಿಗೆ ಹರಕೆ ಹೊತ್ತು ಹೊತ್ತು ಒಂದು ಕೂಸು ಹುಟ್ಟಿತ್ತು. ನಾಡಿದ್ದು ತೊಟ್ಟಿಲ ಶಾಸ್ತ್ರ. "ಅಕ್ಕ ಬಂದು ತನ್ನ ಕೈಯಾರೆ ತೊಟ್ಟಿಲಿಗೆ ಹಾಕಬೇಕು" ಎಂದು ಹೇಳಿಕಳಿಸಿದ್ದಳು. ಬಾಡಿಗೆ ಗಾಡಿ ಮಾಡಿಕೊಡಿ ಎಂದರೆ, "ಮೋಟ್ರು ಮಡಿಕ್ಕಂಡೋನ ಹೆಂಡ್ತಿ ಬಾಡಿಗೆ ಗಾಡೀಲಿ ಹೋದ್ರೆ ಜನ ನಗಾಡಲ್ವೇನೆ?" ಎಂಬ ಉತ್ತರ. ಜನ ಈಗಾಗಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಎಂಬುದು ಬೇರೆ ಮಾತು.

ಮೋಟಾರಿನಲ್ಲೇ ಹೋಗುವುದೆಂದಾಗಿ, ಮರುದಿನ ಬೆಳಿಗ್ಗೆ ವೀರಮ್ಮ ರೇಷ್ಮೆ ಸೀರೆಯುಟ್ಟು ಗಂಟು ಹಿಡಿದು ಹೊರಗೆ ಬಂದರೆ ಮೋಟಾರಿನ ಕೆಳಗೆ ನೀರಿನ ಮಡು.

"ಏನ್ರೀ, ನಿನ್ನೆ ಹೊಯ್ದ ನೀರು ನೆಲದ ಮ್ಯಾಲೈತೆ!"

"ಬಿಸಿಲಿಗೆ ಬೆವರ್ತೈತೆ ಕಣೆ."

"ಹೊತ್ತೇ ಹುಟ್ಟಿಲ್ಲ, ಯಾವ ಬಿಸಿಲ್ರೀ?"

"ಹಂಗಾದ್ರೆ ದೃಷ್ಟಿ ಆಗೈತೆ. ನಿಮ್ ತವರಿನೋರ ಕಣ್ಣು."

"ಅವರು ನೋಡಿದ್ರೆ ತಾನೆ ಕಣ್ಣು ಬೀಳಾದು! ಇದು ಯಾವತ್ತು ಅಲ್ಲಿಗೆ ಹೋಗೈತೆ?"

ಯಜಮಾನರು ಮೋಟಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಚಿಕಿತ್ಸೆ ಮುಗಿಯಿತೆಂದು ಅಂಗಡಿಗೆ ನಡೆದರು.

ವೀರಮ್ಮನಿಗೆ ಮೈ ಉರಿಯಿತು. ಕೊಡ ಸೋರಿದರೆ ಹೆಂಗಸರು ಏನು ಮಾಡುತ್ತಾರೆ? ಹೊರಮೈಗೆ ಬೂದಿ ಸವರಿ, ಒಳಗೆ ನೀರು ತುಂಬಿ ನೋಡುತ್ತಾರೆ. ಬೂದಿ ಎಲ್ಲಿ ಒದ್ದೆಯಾಯಿತೋ ಅಲ್ಲೇ ತೂತು. ಮೋಟಾರಿನ ಮೂತಿಯಲ್ಲಿರುವುದೂ ನೀರಿನ ಡಬ್ಬ ತಾನೆ? ಒಲೆಯ ಬೂದಿಯನ್ನೆಲ್ಲ ಅತ್ತೆ ಬಸಮ್ಮನವರು ಪಾತ್ರೆ ಬೆಳಗಲು ಖಾಲಿ ಮಾಡಿದ್ದರು. ವೀರಮ್ಮ ದೇವರ ಜಗಲಿಯಿಂದ ವಿಭೂತಿ ಗಟ್ಟಿಗಳನ್ನೇ ತಂದು, ನೀರಿನಲ್ಲಿ ಕಲಸಿ ಬಳಿದಳು. ವಿಭೂತಿ ಕೈಗೆ ಬಂದ ಮೇಲೆ ಮೂರು ಬೆರಳು ತಾವಾಗಿಯೇ ಜೊತೆಯಾದವು. ಮೋಟಾರಿನ ಅಗಲಕ್ಕೂ ಮೂರು ಮೂರು ಪಟ್ಟೆ ಬಿದ್ದವು. ಬಿಸಿಲಿಗೆ ಅದು ಗರಿಗರಿಯಾಗಿ ಒಣಗಿದ ಮೇಲೆ ನೀರು ತುಂಬಿ, ಕಣ್ಣು ಮಿಟುಕಿಸದೆ ಕಾದಳು. ಮುಚ್ಚಳದ ಕೆಳಗೆ, ನಟ್ಟನಡುವೆ, ಬೆಸುಗೆ ಬಿಟ್ಟ ಒಂದು ಕೂದಲೆಳೆಯಂಥ ಬಿರುಕಿನಲ್ಲಿ ನೀರು ಜಿನುಗಿ ಪಟ್ಟೆಗಳನ್ನು ಸೀಳಿಕೊಂಡು ಇಳಿಯಿತು.

"ಸಿಕ್ಕಿಬಿದ್ಯಾ ಮೂಳ!" ಎಂದಳು ವೀರಮ್ಮ. ಮೇಣ ತುಂಬಿ, ಬಟ್ಟೆ ಬಿಗಿದರೆ ಬಾಗೂರಿಗೆ ತಲುಪುವಷ್ಟು ಬಾಳಿಕೆ ಖಂಡಿತ. ಸಂತೋಷಕ್ಕೆ ಅಳುವೇ ಬಂತು. ಮೇಣ ಹುಡುಕಲು ಒಳಗೆ ಓಡಿದಳು.

ಹೊರಗೆ ಬರುವಷ್ಟರಲ್ಲಿ ಅತ್ತೆ ಮೋಟಾರಿನ ಮುಂದೆ ಅಡ್ಡಬಿದ್ದಿದ್ದರು.

"ಗಂಗೆ ಇಳಿದವ್ಳೆ, ಶಿವನೇ! ಹಣೆ ಮ್ಯಾಲಿಂದ ಗಂಗೆ ಇಳಿದವ್ಳೆ!"

"ಅತ್ತೇರೆ, ಅದು ತೂತು!"

"ಗಂಗಮ್ಮನ್ನ ತೂತು ಅಂತೀಯ? ನಿನ್ ಬಾಯಿಗೆ ಹುಳ ಬೀಳ!"

"ವಿಭೂತಿ ಹಚ್ಚಿದ್ದು ನಾನು, ಅತ್ತೇರೆ!"

"ನಿನ್ ಕೈಲಿ ಹಚ್ಚಿಸ್ಕಂಡವ್ನೆ. ಅವನ ಲೀಲೆ."

ಬೀದಿ ತುಂಬಲು ಎಷ್ಟು ಹೊತ್ತು? ತಂಬಿಗೆಗಳು ಬಂದವು, ಚೊಂಬುಗಳು ಬಂದವು. ಮೇಣ ಹಿಡಿದು ಹತ್ತಿರ ಹೋದವಳನ್ನು ಹತ್ತು ಕೈಗಳು ಹಿಂದಕ್ಕೆ ಎಳೆದವು. ಸುದ್ದಿ ಕೇಳಿ ಅಂಗಡಿಯಿಂದ ಯಜಮಾನರು, "ಯಾರ್ಲೇ ನನ್ ಮೋಟ್ರು ಮುಟ್ಟಿದೋನು!" ಎಂದು ಕೂಗುತ್ತಲೇ ಬಂದರು. ಜನ ಚಪ್ಪಲಿ ಬಿಟ್ಟು, ದಾರಿ ಬಿಟ್ಟು, ಕೈ ಮುಗಿದರು. ಯಜಮಾನರು ಕೂಗುವುದನ್ನು ಬಿಟ್ಟು ಮೀಸೆ ತೀಡಿಕೊಂಡರು.

ವೀರಮ್ಮ ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ನೀವಾದ್ರೂ ಹೇಳ್ರೀ. ಬಿರುಕು ಸಿಕ್ಕೈತೆ, ಮೇಣ ಮೆತ್ತಿ ಹೋಗಾಣ. ನಿಮ್ಮ ಕಾಲಿಗೆ ಬೀಳ್ತೀನಿ."

"ಎತ್ತು ಎಳ್ಕಂಡು ಬಂದಾಗ ಹಲ್ಲು ಕಿಸಿದ ಜನ ಇವತ್ತು ಕೈ ಮುಗೀತಾವ್ರೆ ಕಣೆ" ಎಂದರು ಅವರು, ಮಗುವಿನಂತೆ. "ಈಗ ಮುಚ್ಚು ಅಂತೀಯಲ್ಲ."

ಅಷ್ಟರಲ್ಲಿ ಬಾಡಿಗೆ ಗಾಡಿ ಹೊಡೆಯುವ ಅಜ್ಜಪ್ಪ ಬಂದ. ವೀರಮ್ಮ ಮಾನ ಮರ್ಯಾದೆ ಬಿಟ್ಟು ಬೀದಿಯಲ್ಲೇ ಕೇಳಿದಳು: "ಅಜ್ಜಪ್ಪಣ್ಣ, ಬಾಗೂರಿಗೆ ಗಾಡಿ ಕಟ್ಟಣ್ಣ."

"ಎಲ್ಲಾಗ್ತೈತೆ ತಾಯಿ! ಹಿರೇಗುಂಟನೂರಿನೋರು ಕಾಯ್ತಾವ್ರೆ, ಆಮ್ಯಾಲೆ ಭರಮಸಾಗರದೋರು. ಎಲ್ರನ್ನೂ ನಿಮ್ಮನೀಗೇ ಕರ್ಕಂಬರ್ಬೇಕು."

ಮಧ್ಯಾಹ್ನದ ಹೊತ್ತಿಗೆ ತೀರ್ಥದ ಎಳೆ ಸಣ್ಣಗಾಯಿತು. ಜನ ಗುಜುಗುಜು ಎಂದರು. ಗಂಗೆಯನ್ನು ತೂತು ಎಂದಿದ್ದ ವೀರಮ್ಮನನ್ನು ಕೆಲವರು ದುರುಗುಟ್ಟಿ ನೋಡಿದರು. ಯಜಮಾನರು ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಈಗ ಅಭಿಷೇಕ! ಮನೆ ಸೊಸೆ ಕೈಯಿಂದ!"

ಬಾವಿಯಿಂದ ನೀರು ಸೇದಿ ತಂದು, ರೇಷ್ಮೆ ಸೀರೆಯ ಸೆರಗು ಕಟ್ಟಿ, ವೀರಮ್ಮ ಮೋಟಾರಿನ ಬಾಯಿಗೆ ಕೊಡ ಬಗ್ಗಿಸಿದಳು. ಸಾಲಿನ ಮುಂದಿದ್ದ ಮುದುಕಿಯೊಬ್ಬಳು ಅವಳ ಸೆರಗು ಸವರಿ ಕೇಳಿದಳು:

"ಸೀರೆ ಚೆಂದೈತೆ ಕಣವ್ವ. ಎಲ್ಲಿಗಾದ್ರೂ ಹೊಂಟಿದ್ದಾ?"

"ತಂಗಿ ಮಗೀನ ತೊಟ್ಟಿಲಿಗೆ."

"ಅಯ್ಯೋ ಬಿಡು, ಊರೆಲ್ಲ ನಿನ್ನ ಬಾಗಿಲಿಗೇ ಬರೋವಾಗ ನೀನ್ಯಾಕೆ ಎಲ್ಲಿಗನ ಹೋಗ್ತೀಯ? ಪುಣ್ಯವಂತೆ" ಎಂದು ಮುದುಕಿ ತಂಬಿಗೆ ಚಾಚಿದಳು.

ವೀರಮ್ಮ ಇನ್ನೊಂದು ಕೊಡ ಸುರಿದಳು. ನೀರು ಅವಳು ಪತ್ತೆ ಹಚ್ಚಿದ್ದ ಆ ಬಿರುಕಿನಿಂದಲೇ, ಒಂದೆಳೆಯೂ ಆಚೀಚೆ ಆಗದೆ, ಸೊಗಸಾಗಿ ಸೋರಿತು.