ಅಮ್ಮಣ್ಣಿಯಕ್ಕನಿಗೆ ನಾಲ್ಕು ವರ್ಷದ ರಿಯಾಯಿತಿ

ಅಮ್ಮಣ್ಣಿಯಕ್ಕನನ್ನು ಮೊದಲ ಸಲ ಕಂಡಾಗ, ಬಸ್ಸು ತಪ್ಪಿಸಿಕೊಂಡ ಬಡಪಾಯಿ ಮುದುಕಿ ಎಂದೇ ನಾನು ತಿಳಿದಿದ್ದೆ.

ಬೆಳಗ್ಗೆ ಆರೂವರೆ. ಹಟ್ಟಿಯಂಗಡಿಯಿಂದ ಕುಂದಾಪುರಕ್ಕೆ ಹೋಗುವ ಮೊದಲ ಬಸ್ಸು ಮುಂದೆ. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡ ಬೆಳ್ಳಿ ಕೂದಲಿನ ಹೆಂಗಸು ಹಿಂದೆ. ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದ ನನ್ನ ಎದೆಯಲ್ಲಿ ಪರೋಪಕಾರ ಉಕ್ಕಿತು. ಓಡುವವರನ್ನು ಕಂಡರೆ ಹೇಗಾದರೂ ಮಾಡಿ ನಿಲ್ಲಿಸಬೇಕು ಅನ್ನಿಸುವುದು ನನ್ನಂಥ ಕೂತು ಬರೆಯುವವರ ಹುಟ್ಟುಗುಣ. ನಡುರಸ್ತೆಗೆ ಇಳಿದು, ಎರಡೂ ಕೈ ಅಗಲಿಸಿ ಬಸ್ಸನ್ನು ನಿಲ್ಲಿಸಿಯೇಬಿಟ್ಟೆ. ಬ್ರೇಕಿನ ಹೊಡೆತಕ್ಕೆ ಒಳಗಿದ್ದ ಮೀನುಬುಟ್ಟಿಗಳೆಲ್ಲ ಡ್ರೈವರನ ಬಳಿಗೆ ಬಂದವು. ಆ ಹೆಂಗಸು ಮಾತ್ರ ಬಸ್ಸಿನ ಪಕ್ಕದಲ್ಲೇ ಹಾದು, ನನ್ನನ್ನೂ ದಾಟಿ, ಒಂದು ನೋಟವನ್ನೂ ಖರ್ಚು ಮಾಡದೆ ಮುಂದೆ ಓಡಿದರು.

ಕಂಡಕ್ಟರ್ ಕುಷ್ಟ ಕೆಳಗಿಳಿದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ನಾವಡ್ರೆ, ಅವ್ರ್ ಬಸ್ಸಿಗಾಯಿ ಓಡುದಲ್ಲ ಮರ್ರೆ. ಬಸ್ಸಿನ್ ಒಟ್ಟಿಗ್ ಓಡುದ್. ಅವ್ರ್ ಸೇತುವೆ ಹತ್ರ ಮುಟ್ಟಿರಾ ಇಲ್ಯಾ ಅಂದೇಳಿ ಕಂಡೇ ನಾವ್ ಟೈಂ ಸರಿ ಮಾಡ್ಕಂಬುದ್."

ಹೀಗೆ ತಿಳಿಯಿತು ನನಗೆ, ನನ್ನ ಮನೆಯಿಂದ ಮೂರು ಗದ್ದೆ ಆಚೆ ಒಬ್ಬ ಸಾಧಕಿ ಇದ್ದಾರೆಂದು. ಅಮ್ಮಣ್ಣಿಯಕ್ಕ ನೆಲಗಡಲೆ, ಬಸಳೆ ಬೆಳೆಯುವವರು. ಐವತ್ತೈದನೇ ವಯಸ್ಸಿನಲ್ಲಿ, ಗದ್ದೆಗೆ ನುಗ್ಗಿದ ದನವನ್ನು ಬೆನ್ನಟ್ಟಿಕೊಂಡು ಹೋಗಿ, ದನ ಸುಸ್ತಾಗಿ ಕೂತ ಮೇಲೂ ಇವರಿಗೆ ಸುಸ್ತಾಗಲಿಲ್ಲವಂತೆ. ಅದನ್ನು ಕಂಡ ಯಾರೋ ಇವರನ್ನು ಹಿರಿಯರ ಕ್ರೀಡಾಕೂಟಕ್ಕೆ ಕರೆದುಕೊಂಡು ಹೋದರು. ಅಂದಿನಿಂದ ಬ್ರಹ್ಮಾವರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೂಟದ ಸಾವಿರದೈನೂರು ಮೀಟರ್ ಓಟದಲ್ಲಿ ಐವತ್ತೈದರ ವಿಭಾಗದ ದಾಖಲೆ ಇವರದು, ಅರವತ್ತರದು ಇವರದು, ಅರವತ್ತೈದರದೂ ಇವರದೇ. ಮನೆಯ ಜಗಲಿಯಲ್ಲಿ ಪದಕಗಳು ಮೊಳೆಗೆ ನೇತಾಡುತ್ತವೆ. ಒಂದರ ದಾರದಲ್ಲಿ ಕೋಳಿಗೂಡಿನ ಬೀಗದ ಕೈ ಇದೆ.

ಇಂಥ ಪ್ರತಿಭೆಗೆ ಒಬ್ಬ ವ್ಯವಸ್ಥಾಪಕ ಬೇಡವೇ? ನಾನು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಬಿಡುವಿನಲ್ಲಿ ಹಾಸ್ಯ ಬರೆಯುತ್ತೇನೆ. ಬಿಡುವು ಕಚೇರಿಯಲ್ಲೇ ಸಿಗುತ್ತದೆ. ಕರಾವಳಿಯ ಕ್ರೀಡಾಭವಿಷ್ಯವನ್ನು ಇನ್ನು ನಾನೇ ಹೆಗಲ ಮೇಲೆ ಹೊರುವೆನೆಂದು ಅಂದು ಸಂಜೆ ಚಾವಡಿಯಲ್ಲಿ ನಿಂತು ಘೋಷಿಸಿದೆ. ಸಭಿಕರಾಗಿ ಇದ್ದದ್ದು ಹೆಂಡತಿ ಪಂಕಜಾಕ್ಷಿ ಒಬ್ಬಳೇ.

"ಹ್ವಾಯ್, ಮೊನ್ನೆ ಅಕ್ಕಿ ಚೀಲ ಹೊತ್ತ್ ಎರಡ್ ದಿನ ಮಲ್ಗಿದ್ದ್ ಇದೇ ಹೆಗಲಲ್ದಾ?" ಎಂದಳು.

ಮಹಾತ್ಮರನ್ನು ಮನೆಯವರು ಅರ್ಥಮಾಡಿಕೊಂಡ ಉದಾಹರಣೆ ಚರಿತ್ರೆಯಲ್ಲಿ ಕಡಿಮೆ. ನಾನು ಲ್ಯಾಪ್‌ಟಾಪ್ ಹಿಡಿದು ಅಮ್ಮಣ್ಣಿಯಕ್ಕನ ಮನೆಗೆ ನಡೆದೆ.

ಈ ವರ್ಷ ಕೂಟಕ್ಕೆ ಹೆಸರು ಕೊಡುವುದು ಆನ್‌ಲೈನಿನಲ್ಲಿ ಅಂತ ಆಗಿತ್ತು. ಅಮ್ಮಣ್ಣಿಯಕ್ಕನಿಗೆ ಅದೊಂದು ತಲೆಬಿಸಿ. ನಾನು ತುಂಬಿಕೊಡುತ್ತೇನೆ ಎಂದಾಗ ಅವರು ಸಂತೋಷದಿಂದ ಒಂದು ಸೇರು ನೆಲಗಡಲೆ ಬೇಯಿಸಿ ಮುಂದಿಟ್ಟರು. ಅದನ್ನು ಸುಲಿಯುತ್ತ ತಮ್ಮ ಕಥೆಯನ್ನೆಲ್ಲ ಹೇಳಿದರು. ಬ್ರಹ್ಮಾವರದ ಕಡೆಯ ರತ್ನ ಎಂಬ ಓಟಗಾರ್ತಿ ಇವರಿಗಿಂತ ನಾಲ್ಕು ವರ್ಷ ದೊಡ್ಡವರು. ಎಪ್ಪತ್ತರ ವಿಭಾಗದ ದಾಖಲೆ ಅವರ ಹೆಸರಿನಲ್ಲಿದೆ, ಒಂಬತ್ತು ನಿಮಿಷ ನಾಲ್ಕು ಸೆಕೆಂಡು. ವಯಸ್ಸಾದವರ ಕೂಟದಲ್ಲಿ ಅರವತ್ತು ದಾಟಿದವರೆಲ್ಲ ಒಟ್ಟಿಗೇ ಓಡುತ್ತಾರೆ, ಆದರೆ ದಾಖಲೆ ಮಾತ್ರ ಅವರವರ ವಯಸ್ಸಿನ ವಿಭಾಗಕ್ಕೆ. ಹಾಗಾಗಿ ಅಮ್ಮಣ್ಣಿಯಕ್ಕ ಪ್ರತಿ ವರ್ಷ ರತ್ನನ ಮುಂದೆ ಓಡಿ ಮುಗಿಸಿದರೂ ರತ್ನನ ದಾಖಲೆಯನ್ನು ಮುಟ್ಟುವಂತಿರಲಿಲ್ಲ. ರತ್ನ ಪ್ರತಿ ವರ್ಷ ಇವರ ಗಲ್ಲ ಹಿಂಡಿ, ನೀನಿನ್ನೂ ಚಿಕ್ಕ ಹುಡುಗಿ, ಎಪ್ಪತ್ತು ತುಂಬಲಿ ಬಾ ಎನ್ನುತ್ತಿದ್ದರು. ಈಗ, ಹೋದ ತಿಂಗಳು, ಎಪ್ಪತ್ತು ತುಂಬಿತ್ತು.

ಇದನ್ನೆಲ್ಲ ಅಮ್ಮಣ್ಣಿಯಕ್ಕ ಹೇಳಿದ್ದು ಸತ್ಯ. ನಾನು ಆಗ ಕಿವಿಗೊಟ್ಟಿರಲಿಲ್ಲ ಎಂಬುದೂ ಸತ್ಯ. ಅವರು ವಿಭಾಗ, ದಾಖಲೆ ಎನ್ನುತ್ತಿದ್ದಾಗ ನಾನು ಸನ್ಮಾನಪತ್ರದ ಮೊದಲ ವಾಕ್ಯ ಹೊಸೆಯುತ್ತಿದ್ದೆ. ತಲೆಯಾಡಿಸುವುದು, ಹೂಂಗುಟ್ಟುವುದು ಇಪ್ಪತ್ತೇಳು ವರ್ಷದ ಕಚೇರಿ ಅನುಭವದಿಂದ ತಾನಾಗಿ ನಡೆಯುತ್ತಿತ್ತು.

ಮನೆಗೆ ಬಂದು ಫಾರಂ ತುಂಬಲು ಕೂತೆ. ಹೆಸರು, ಊರು, ಓಟ ಎಲ್ಲ ಸರಾಗ. ಆಮೇಲೆ ಹುಟ್ಟಿದ ವರ್ಷ. ಇಲ್ಲಿ ನಾನೊಂದು ಹಳೆಯ ಗಾಯದ ಬಗ್ಗೆ ಹೇಳಲೇಬೇಕು. ಮೂರು ವರ್ಷದ ಹಿಂದೆ ಸಾಲಿಗ್ರಾಮದಲ್ಲಿ ನೆಂಟರ ಮನೆಯ ಸಮಾರಂಭದಲ್ಲಿ ಮೈಕ್ ಹಿಡಿದು, ನನ್ನ ಹೆಂಡತಿಗೆ ಇವತ್ತಿಗೆ ಸರಿಯಾಗಿ ಐವತ್ತು ಎಂದು ಪ್ರೀತಿಯಿಂದ ಘೋಷಿಸಿದ್ದೆ. ಎಂಟು ದಿನ ನಮ್ಮ ಮನೆಯ ಸಾರಿಗೆ ಉಪ್ಪು ಬೀಳಲಿಲ್ಲ. ಒಂಬತ್ತನೇ ದಿನ ನಾನೊಂದು ನೀತಿ ರೂಪಿಸಿಕೊಂಡೆ. ಹೆಂಗಸರ ವಯಸ್ಸನ್ನು ಎಲ್ಲೇ ಹೇಳಬೇಕಾದರೂ ನಾಲ್ಕು ವರ್ಷ ರಿಯಾಯಿತಿ! ಈ ನೀತಿಯಿಂದ ನಾದಿನಿಯರ ವಲಯದಲ್ಲಿ ನನ್ನ ಗೌರವ ಎಷ್ಟು ಏರಿತೆಂದರೆ, ಹೋದಲ್ಲೆಲ್ಲ ನನಗೆ ಎರಡನೇ ಸಲ ಪಾಯಸ ಬರುತ್ತದೆ.

ಅದೇ ಸೌಜನ್ಯದಿಂದ ಅಮ್ಮಣ್ಣಿಯಕ್ಕ ಹೇಳಿದ ಸಾವಿರದ ಒಂಬೈನೂರ ಐವತ್ತೈದನ್ನು ಐವತ್ತೊಂಬತ್ತು ಮಾಡಿದೆ. ಪಾಪ, ಖುಷಿಯಾಗಲಿ.

ಪಂಕಜಾಕ್ಷಿ ಬಾಗಿಲಲ್ಲಿ ನಿಂತು ಹೇಳಿದಳು. "ಕಳ್ಸುಕ್ ಮುಂಚೆ ಒಂದ್ ಸರ್ತಿ ಅವ್ರಿಗೆ ಓದಿ ಹೇಳಿ."

ಒಬ್ಬ ಬರಹಗಾರನಿಗೆ ಬರೆದದ್ದನ್ನು ಓದಿ ಹೇಳಲು ಹೇಳುವುದೇ? ನಾನು ಕಳಿಸುವ ಗುಂಡಿ ಒತ್ತಿದೆ.

ಕೂಟದ ದಿನ ನಮ್ಮ ಕಾರಿನಲ್ಲೇ ಬ್ರಹ್ಮಾವರಕ್ಕೆ ಹೊರಟೆವು. ನಾನು ಸ್ವಂತ ಖರ್ಚಿನಲ್ಲಿ ಒಂದು ಫ್ಲೆಕ್ಸ್ ಮಾಡಿಸಿದ್ದೆ. ಅಮ್ಮಣ್ಣಿಯಕ್ಕನ ಫೋಟೊ ಅಂಚೆಚೀಟಿಯಷ್ಟು. "ಮಾರ್ಗದರ್ಶನ: ಶಾಮರಾಯ ನಾವಡ" ಎಂಬುದರ ಮೇಲಿನ ಫೋಟೊ ಸ್ವಲ್ಪ ದೊಡ್ಡದು, ಬಾಗಿಲಷ್ಟು. ಮೈದಾನದಲ್ಲಿ ಅದನ್ನು ಕಟ್ಟಲು ಕಂಬ ಸಿಗಲಿಲ್ಲ. ರತ್ನ ಮತ್ತು ಇನ್ನಿಬ್ಬರು ಹೆಂಗಸರು ಅದನ್ನು ಹುಲ್ಲಿನ ಮೇಲೆ ಹಾಸಿ, ನನ್ನ ಮುಖದ ಮೇಲೆ ಕೂತು ಕಾಲು ಚಾಚಿ ಮೈಸಡಿಲ ಮಾಡಿಕೊಂಡರು.

ಆಗ ಬಂತು ನಂಬರಿನ ಚೀಟಿ. ಎದೆಗೆ ಸಿಕ್ಕಿಸುವ ಆ ಬಟ್ಟೆಯ ಮೇಲೆ ಅಮ್ಮಣ್ಣಿಯಕ್ಕನ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ ವಿಭಾಗ "೬೫".

ಅಮ್ಮಣ್ಣಿಯಕ್ಕ ಅದನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ. ಮತ್ತೆ ಮುಂದೆ ನೋಡಿದರು. ಸೀದಾ ಮೇಜಿನ ಹತ್ತಿರ ಹೋದರು. ಮೇಜಿನ ಹಿಂದೆ ರಾಜೇಂದ್ರ ಎಂಬ ಅಧಿಕಾರಿ ಪಟ್ಟಿ ಬಿಡಿಸಿ ಬೆರಳಿಟ್ಟು ತೋರಿಸಿದರು. ಹುಟ್ಟಿದ ವರ್ಷ ಐವತ್ತೊಂಬತ್ತು, ವಯಸ್ಸು ಅರವತ್ತಾರು. ನಾಲ್ಕು ವರ್ಷದ ಹಿಂದಿನ ಪಟ್ಟಿಯಲ್ಲೂ ಇವರಿಗೆ ಅರವತ್ತಾರೇ ಇತ್ತು ಎಂದು ಪಕ್ಕದವರು ನೆನಪಿಸಿದರು. ಅದರಲ್ಲಿ ಯಾರಿಗೂ ಆಶ್ಚರ್ಯ ಕಾಣಲಿಲ್ಲ; ಎಷ್ಟೋ ಹೆಂಗಸರಿಗೆ ಹಾಗೆ ಆಗುತ್ತದಂತೆ. ಅಮ್ಮಣ್ಣಿಯಕ್ಕ ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟರು. ರಾಜೇಂದ್ರರು ಅದನ್ನು ಗೌರವದಿಂದ ನೋಡಿ, ಗೌರವದಿಂದ ವಾಪಸು ಕೊಟ್ಟರು.

"ಪಟ್ಟಿ ಅಚ್ಚಾಯ್ತ್ ಅಕ್ಕ. ಇನ್ನ್ ವಿಭಾಗ ಬದ್ಲ್ ಮಾಡುಕ್ ಆತಿಲ್ಲೆ. ದೊಡ್ಡವ್ರ್ ಚಿಕ್ಕವ್ರ ವಿಭಾಗದಲ್ಲಿ ಓಡುಕ್ ಅಡ್ಡಿಲ್ಲೆ. ಓಡಿ. ಬರ್ಕಂಬುದ್ ಮಾತ್ರ ಅರವತ್ತೈದಕ್ಕೆ."

ಲೋಕದಲ್ಲಿ ಹೆಂಗಸರು ವಯಸ್ಸು ಇಳಿಸಲು ಜಗಳವಾಡುವುದನ್ನು ನಾನು ಕಂಡಿದ್ದೇನೆ. ಏರಿಸಿ ಎಂದು ಒಬ್ಬರು ಮೇಜು ಕುಟ್ಟುವುದನ್ನು ಕಂಡದ್ದು ಅದೇ ಮೊದಲು. ಮೇಜು ಕುಟ್ಟಿ ಪ್ರಯೋಜನವಾಗಲಿಲ್ಲ. ಅವರು ನನ್ನ ಕಡೆಗೆ ತಿರುಗಿದರು. ನಾನು ಫ್ಲೆಕ್ಸಿನ ಮೇಲೆ ಕೂತವರ ಮಧ್ಯೆ ನನ್ನ ಮುಖ ಹುಡುಕುತ್ತಿದ್ದೆ. ಬೇರೆ ದಾರಿ ಇಲ್ಲದೆ ಸೌಜನ್ಯದ ನೀತಿಯನ್ನು ವಿವರಿಸಿದೆ. ಉಪ್ಪಿಲ್ಲದ ಸಾರಿನ ತನಕ ಹೇಳಿದೆ. ಅಮ್ಮಣ್ಣಿಯಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾನ್ ನಾಕ್ ವರ್ಷ ಕಾದದ್ದ್ ನಾವಡ್ರೆ," ಎಂದರು ಮೆಲ್ಲಗೆ. "ನೀವ್ ಕೂಕಂಡಲ್ಲೇ ಅದನ್ನ್ ಅಳ್ಸಿ ಹಾಕಿರಿ."

ಆ ಮೇಲೆ ಅವರು ರಾಜೇಂದ್ರರ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಅರವತ್ತೈದರ ದಾಖಲೆ ಎಷ್ಟು? ರಾಜೇಂದ್ರರು ಪುಸ್ತಕ ನೋಡಿ ಹೇಳಿದರು. ಎಂಟು ನಿಮಿಷ ಮೂವತ್ತೊಂದು ಸೆಕೆಂಡು, ಅಮ್ಮಣ್ಣಿ, ಹಟ್ಟಿಯಂಗಡಿ. ಅಂದರೆ ಇವರೇ, ಅರವತ್ತಾರರಲ್ಲಿ ಓಡಿದ್ದು. ಈಗ ಮನೆಯ ಹತ್ತಿರ ಅಭ್ಯಾಸ ಮಾಡುವಾಗ ಎಂಟು ನಲವತ್ತೈದರ ಒಳಗೆ ಒಮ್ಮೆಯೂ ಬಂದಿರಲಿಲ್ಲ. ರತ್ನನ ಒಂಬತ್ತು ನಾಲ್ಕನ್ನು ಮುರಿಯಲು ಅದು ಧಾರಾಳ ಸಾಕಿತ್ತು. ನನ್ನ ಸೌಜನ್ಯದ ಫಲವಾಗಿ ಈಗ ಅವರು ನಾಲ್ಕು ವರ್ಷ ಚಿಕ್ಕವರಾದ ತಮ್ಮನ್ನೇ ಸೋಲಿಸಬೇಕಿತ್ತು. ಇಲ್ಲದಿದ್ದರೆ ಈ ವರ್ಷ ಪುಸ್ತಕದಲ್ಲಿ ಅವರ ಹೆಸರಿಗೆ ಹೊಸ ಸಾಲಿಲ್ಲ.

ರತ್ನ ಬಂದು ಚೀಟಿ ನೋಡಿ, ಎಂದಿನಂತೆ ಅವರ ಗಲ್ಲ ಹಿಂಡಿದರು. "ಅಯ್ಯೋ ಹೆಣ್ಣೇ, ನಿಂಗ್ ಇನ್ನೂ ಎಪ್ಪತ್ತ್ ಆಯ್ಲಿಲ್ಯಾ?"

ಅಮ್ಮಣ್ಣಿಯಕ್ಕ ಸೀರೆ ಬಿಚ್ಚಿಟ್ಟು ಒಳಗಿದ್ದ ಟ್ರ್ಯಾಕ್ ಪ್ಯಾಂಟು, ಬನಿಯನ್ನಿನಲ್ಲಿ ಗೆರೆಯ ಹತ್ತಿರ ಹೋಗಿ ನಿಂತರು. ಮಡಚಿದ ಸೀರೆಯನ್ನು ಪಂಕಜಾಕ್ಷಿ ಹಿಡಿದುಕೊಂಡಳು. ನನ್ನ ಕೈಗೆ ಯಾರೂ ಏನೂ ಕೊಡಲಿಲ್ಲ.

ಸೀಟಿ ಊದಿದರು. ಏಳು ಜನ ಅಜ್ಜಿಯರು ಹೊರಟರು. ಸುಣ್ಣ ಹಾಕಿದ ಟ್ರ್ಯಾಕಿನಲ್ಲಿ ಮೂರು ಮುಕ್ಕಾಲು ಸುತ್ತು. ಮೊದಲ ಸುತ್ತಿನಲ್ಲೇ ಅಮ್ಮಣ್ಣಿಯಕ್ಕ ಇಪ್ಪತ್ತು ಮಾರು ಮುಂದಿದ್ದರು. ನಾನು ಮಾರ್ಗದರ್ಶಕನಲ್ಲವೇ? ತಿರುವಿನಲ್ಲಿ ನಿಂತು ಶಕ್ತಿ ಉಳಿಸಿಕೊಳ್ಳಿ, ನಿಧಾನ, ನಿಧಾನ ಎಂದು ಕೂಗಿದೆ. ಅವರು ನನ್ನನ್ನು ಕಂಡರು, ಇನ್ನೂ ಜೋರಾದರು. ಎರಡನೇ ಸುತ್ತಿನಲ್ಲೂ ಅದೇ ಜಾಗದಲ್ಲಿ ನಾನು ಕಾಣಿಸಿಕೊಂಡೆ, ಮತ್ತೂ ಜೋರಾದರು. ಪಂಕಜಾಕ್ಷಿ ಇದನ್ನು ಗಮನಿಸಿದಳು. ನನ್ನ ತೋಳು ಹಿಡಿದು ಇನ್ನೂ ಮುಂದಕ್ಕೆ, ಟ್ರ್ಯಾಕಿಗೆ ತಾಗುವ ಹಾಗೆ ನಿಲ್ಲಿಸಿದಳು.

"ನೀವ್ ಇಲ್ಲೇ ನಿಲ್ಲಿ. ನಿಮ್ ಮುಖ ಕಂಡ್ರೆ ಅವ್ರಿಗೆ ಸಿಟ್ಟ್ ಬತ್ತ್. ಸಿಟ್ಟ್ ಬಂದ್ರೆ ಓಡ್ತ್ರ್."

ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಮುಖಕ್ಕೆ ಒಂದು ಉಪಯೋಗ ಹುಡುಕಿದ್ದು ಅವಳು ಅಂದೇ.

ಮೂರನೇ ಸುತ್ತಿಗೆ ಅಮ್ಮಣ್ಣಿಯಕ್ಕನ ಬಾಯಿ ತೆರೆದಿತ್ತು. ಹೆಜ್ಜೆ ಸಣ್ಣದಾಗಿತ್ತು. ಒಂದು ಕೈ ಪಕ್ಕೆ ಹಿಡಿದುಕೊಂಡಿತ್ತು. ಗಡಿಯಾರ ಆರು ನಿಮಿಷ ಐವತ್ತು ತೋರಿಸುತ್ತಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬರೆಯಲು ಒಳ್ಳೆಯ ವಿಷಯ ಸಿಕ್ಕಿತೆಂಬ ಯೋಚನೆ, ಎಂದಿಗೂ ನನ್ನನ್ನು ಬಿಡದ ಯೋಚನೆ, ಆ ಗಳಿಗೆಯಲ್ಲಿ ಬರಲೇ ಇಲ್ಲ. ನಾನು ಕೂಗದೆ ಸುಮ್ಮನೆ ನಿಂತೆ. ಅವರು ಹತ್ತಿರ ಬಂದರು, ನನ್ನನ್ನು ನೋಡಿದರು, ಪಕ್ಕೆಯಿಂದ ಕೈ ತೆಗೆದರು. ಕೊನೆಯ ಮುಕ್ಕಾಲು ಸುತ್ತು, ಗದ್ದೆಗೆ ದನ ನುಗ್ಗಿದವರು ಹೇಗೆ ಓಡುತ್ತಾರೋ ಹಾಗೆ ಓಡಿದರು.

ಗೆರೆ ದಾಟಿ ಹುಲ್ಲಿನ ಮೇಲೆ ಅಂಗಾತ ಬಿದ್ದರು. ಮೂರು ಗಡಿಯಾರ ಹಿಡಿದ ಮೂವರು ತಲೆಗೆ ತಲೆ ಕೊಟ್ಟು ನಿಂತರು. ಇಡೀ ಮೈದಾನ ಕಾಯಿತು. ಮೈಕಿನವರು ಎರಡು ಸಲ ಗಂಟಲು ಸರಿಮಾಡಿಕೊಂಡು ಓದಿದರು. ಅರವತ್ತೈದರ ವಿಭಾಗ, ಎಂಟು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು, ಹೊಸ ಕೂಟ ದಾಖಲೆ. ಮುರಿದವರು ಹಟ್ಟಿಯಂಗಡಿಯ ಅಮ್ಮಣ್ಣಿ; ಮುರಿಯಲ್ಪಟ್ಟ ದಾಖಲೆಯೂ ಅವರದೇ.

ಪಂಕಜಾಕ್ಷಿ ಸೀರೆಯ ಮಡಿಕೆಯಲ್ಲಿ ಕಣ್ಣು ಒರೆಸಿಕೊಂಡಳು. ನಾನು ಕೂಡ ಹತ್ತಿರದಲ್ಲಿದ್ದ ತುದಿಯನ್ನು ಎಳೆದುಕೊಂಡೆ. ಅವಳು ಕೊಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಓಟ ಮುಗಿಸಿ ಬಂದ ರತ್ನ ಏದುಸಿರಿನಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ತಮ್ಮ ಎಪ್ಪತ್ತರ ದಾಖಲೆ ಇನ್ನೊಂದು ವರ್ಷ ಉಳಿಯಿತೆಂದರೆ ಅದು ಈ ಮಹಾನುಭಾವರ ಉಪಕಾರ, ಫಾರಂ ತುಂಬುವುದನ್ನು ಇವರು ನಿಲ್ಲಿಸಬಾರದು ಎಂದು ಎಲ್ಲರಿಗೂ ಕೇಳುವಂತೆ ಹಾರೈಸಿದರು. ನನಗಾಗಿ ಅಂದು ಬಂದ ಏಕೈಕ ಅಭಿನಂದನೆ ಅದು.

ಹಿಂದಿರುಗುವಾಗ ಅಮ್ಮಣ್ಣಿಯಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮೇಲೆ ಹಾಕಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದರು. ಸಾಲಿಗ್ರಾಮ ದಾಟುವ ತನಕ ನಾನು ಪಶ್ಚಾತ್ತಾಪದಲ್ಲಿ ಮುಳುಗಿದ್ದೆ. ಕೋಟದ ಹತ್ತಿರ ತಲೆ ಮೇಲೆ ಬಂತು. ತೆಕ್ಕಟ್ಟೆ ಮುಟ್ಟುವಷ್ಟರಲ್ಲಿ ಇಡೀ ಘಟನೆ ನನಗೆ ಬೇರೆಯೇ ಬೆಳಕಿನಲ್ಲಿ ಕಾಣತೊಡಗಿತು. ನಾನು ಸರಿಯಾಗಿ ತುಂಬಿದ್ದರೆ ಅವರು ಎಂಟು ನಲವತ್ತೈದಕ್ಕೆ ಆರಾಮಾಗಿ ಓಡಿ ಸುಮ್ಮನಾಗುತ್ತಿದ್ದರು. ಆ ಹದಿನಾರು ಸೆಕೆಂಡು ಎಲ್ಲಿಂದ ಬಂತು? ಕನ್ನಡಿಯಲ್ಲಿ ಅವರ ಮುಖ ನೋಡಿ, ಗಂಟಲು ಸರಿಮಾಡಿಕೊಂಡೆ. ಪಂಕಜಾಕ್ಷಿ ಬೇಡ ಎಂದು ನನ್ನ ತೊಡೆ ಚಿವುಟಿದಳು. ಬರಹಗಾರನನ್ನು ಚಿವುಟಿ ತಡೆಯಲಾಗುವುದಿಲ್ಲ.

"ಅಮ್ಮಣ್ಣಿಯಕ್ಕ, ನಾನ್ ನಾಕ್ ವರ್ಷ ಇಳ್ಸದಿದ್ರೆ ನೀವ್ ಇಷ್ಟ್ ಜೋರ್ ಓಡ್ತಿದ್ರ್ಯಾ? ಹಾಂಗಾರೆ ಈ ರೆಕಾರ್ಡಿಗೆ ನಾನೂ ಒಂದ್ ಕಾರಣ ಅಲ್ದಾ?"

ಅವರು ಬಾಳೆಹಣ್ಣಿನ ಕೊನೆಯ ತುಂಡು ನುಂಗಿ, ಸಿಪ್ಪೆಯನ್ನು ಮಡಚಿ ನನ್ನ ಪಕ್ಕ ಇಟ್ಟರು.

"ಹೌದ್," ಎಂದರು. "ಬಪ್ಪ ವರ್ಷ ಫಾರಂ ನಾನ್ ತುಂಬ್ತೆ. ನೀವ್ ಓಡಿ."