ಕಾಲು ಮುಂದಾಗಿ ಹುಟ್ಟಿದವನು

ಆದಿನಾರಾಯಣನಿಗೆ ಸೊಂಟನೋವು ಬಂದದ್ದು ಒಂದು ತೊಂದರೆ. ಅದಕ್ಕೆ ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮವನ್ನು ಅವನು ಮನೆಯ ಮುಂದಿನ ಜಗಲಿಯ ಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತೊಂದರೆ.

ಕಾಮಸಮುದ್ರದ ಕಬಡ್ಡಿ ತಂಡದಲ್ಲಿ ಅವನಷ್ಟು ಚುರುಕಾಗಿ ರೈಡ್ ಮಾಡುವವರು ಇರಲಿಲ್ಲ. ಆ ದಿನ ಸಂಜೆ ಬಂಗಾರಪೇಟೆಯಲ್ಲಿ ಜಿಲ್ಲಾ ತಂಡದ ಆಯ್ಕೆ. ಖಾಲಿಯಿದ್ದದ್ದು ಒಂದೇ ಜಾಗ. ಸೊಂಟನೋವಿನ ಸುದ್ದಿ ಹಬ್ಬಿದರೆ ಅದೂ ಕೈತಪ್ಪಿದಂತೆಯೇ. ಅದಕ್ಕೇ ಗುಟ್ಟಾಗಿ ಕೋರಮಂಡಲ್‌ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನು ಕಂಡುಬಂದಿದ್ದ.

“ಕೈಕಾಲು ಆಡಲಿ, ಸೊಂಟ ಮಾತ್ರ ಅಲ್ಲಾಡಬಾರದು. ಬೆನ್ನ ಮೇಲೆ ತುಂಬಿದ ಲೋಟ ಇಟ್ಟಿದೆ ಅಂದ್ಕೊಳ್ಳಪ್ಪ. ಆಟದ ದಿನವೂ ತಪ್ಪಿಸಬೇಡ” ಎಂದಿದ್ದರು ಆಕೆ. ಹಾಗೇ ಮಾಡಿ ನೋವು ಮುಕ್ಕಾಲು ಇಳಿದಿತ್ತು.

ಅಂದು ಬೆಳಿಗ್ಗೆ ಅವನು ಅಂಗೈ, ಮಂಡಿ ಊರಿ, ಹೊಟ್ಟೆ ಒಳಗೆಳೆದುಕೊಂಡು, ಬಲಗೈ ಮುಂದಕ್ಕೂ ಎಡಗಾಲು ಹಿಂದಕ್ಕೂ ಚಾಚಿ ನಿಂತಿದ್ದ. ಕಾಲೆತ್ತಿದ್ದು ಯಾತಕ್ಕೆಂದು ಮರೆತ ನಾಯಿಯ ಹಾಗೆ. ಮಜ್ಜಿಗೆಗೆಂದು ಬಂದ ಪಕ್ಕದ ಮನೆಯ ಮುನಿರತ್ನಮ್ಮ ಚೊಂಬು ಕೈಬಿಟ್ಟಳು.

“ವೆಂಕಟರತ್ನಕ್ಕಾ, ಬಾರಕ್ಕೋ! ನಿನ್ ಮಗನ್ಗೆ ಸೊಂಟ ಇಡ್ಕೊಂಬಿಟ್ಟೈತೆ!”

ರಾಗಿಹಿಟ್ಟಿನ ಕೈಯಲ್ಲೇ ತಾಯಿ ಓಡಿಬಂದಳು. “ಏನಾಯ್ತಪ್ಪಾ?”

“ಏನೂ ಇಲ್ಲಮ್ಮ, ಇದು ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮ” ಎಂದು ಉಸಿರು ಬಿಗಿಯದಂತೆ ಮೆಲ್ಲಗೆ ಹೇಳಿದ.

“ನೋಡಿದ್ಯಾ, ದನೀನೂ ಕುಗ್ಗೋಗೈತೆ” ಎಂದಳು ಮುನಿರತ್ನಮ್ಮ.

ತಾನು ಚೆನ್ನಾಗಿದ್ದೇನೆಂದು ತೋರಿಸಲು ಅವನು ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿದ. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಎದುರು ಮನೆಯ ಕೋದಂಡಪ್ಪ ಬೀಡಿ ಆರಿಸಿ ಎದ್ದುಬಂದ.

“ಉಳುಕು ಕಣ್ಲಾ ಇದು. ಡಾಕ್ಟ್ರಿಗೇನ್ ಗೊತ್ತು? ಕಾಲ್ ಮುಂದಾಗಿ ಉಟ್ಟಿದೋರು ಸೊಂಟಕ್ಕೆ ಒದ್ರೆ ಅಲ್ಲೇ ಬಿಟ್ಟೋಯ್ತದೆ. ಸೊಣ್ಣಪ್ಪನ್ನ ಕರೀರಿ!”

ಆ ಸುತ್ತಿನಲ್ಲಿ ಹಾಗೆ ಹುಟ್ಟಿದವನು ಸೊಣ್ಣಪ್ಪನೊಬ್ಬನೇ. ಹಾಲಿನ ಕ್ಯಾನು ಹೊರುವ ಆಳು. ತಪ್ಪಿಸಿಕೊಂಡ ಹೋರಿಯನ್ನು ಕಾಲು ಹಿಡಿದು ನಿಲ್ಲಿಸುವವನು. ಪಾದಗಳು ಮೊರದಷ್ಟಗಲ. ಊರಿಗೆ ಅವೇ ಔಷಧದಂಗಡಿ.

ಅವರು ಸೊಣ್ಣಪ್ಪನನ್ನು ಹುಡುಕಲು ಹೋದ ಕ್ಷಣವೇ ಆದಿನಾರಾಯಣ ಹಿತ್ತಲಿನಿಂದ ಜಿಗಿದು ಬಂಗಾರಪೇಟೆಯ ಬಸ್ಸು ಹತ್ತಿದ.

ಮಧ್ಯಾಹ್ನದ ವ್ಯಾಯಾಮಕ್ಕೆ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯನ್ನು ಹುಡುಕಿಕೊಂಡ. ಸೊಂಟ ಎತ್ತಿದ್ದನಷ್ಟೇ, ಮಾರಿಕುಪ್ಪಂ ಗಾಡಿ ಬಂದು ನಿಂತಿತು. “ಐಯೋ ಪಾವಂ, ಫಿಟ್ಸು!” ಎಂದು ತಮಿಳಿನಲ್ಲಿ ಮರುಗುತ್ತ ಯಾರೋ ಇಳಿದು ಅವನ ಕೈಗೆ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಮುಖಕ್ಕೆ ಸೋಡಾ ಎರಚಿದರು. ಬೀಗದ ಕೈ ಅವರಿಗೇ ಹಿಂತಿರುಗಿಸಿ, ಮುಖ ಒರೆಸಿಕೊಂಡು ಅವನು ಮೈದಾನ ಸೇರಿದ.

ಆದರೂ ವ್ಯಾಯಾಮ ಅವನ ಕೈಬಿಡಲಿಲ್ಲ. ಅಂದು ಸಂಜೆ ಆದಿನಾರಾಯಣ ಯಾರ ಕೈಗೂ ಸಿಗಲಿಲ್ಲ. ಬಾಗಿದ, ಹೊರಳಿದ, ಮುಟ್ಟಿ ಮರಳಿದ. ಸೊಂಟ ಕಲ್ಲಿನಂತೆ ನಿಂತಿತ್ತು. ಆಯ್ಕೆಗಾರ ಕುಪ್ಪುಸ್ವಾಮಿ ತಲೆದೂಗಿ ಪೆನ್ನಿನ ಮುಚ್ಚಳ ತೆಗೆದರು.

“ಅಗೋ, ಅಲ್ಲವ್ನೆ!”

ಹಾಲಿನ ವ್ಯಾನಿನಿಂದ ತಾಯಿ, ಮುನಿರತ್ನಮ್ಮ, ಕೋದಂಡಪ್ಪ ಇಳಿಯುತ್ತಿದ್ದರು. ಅವರ ಮುಂದೆ ಪಂಚೆ ಎತ್ತಿ ಕಟ್ಟಿದ ಸೊಣ್ಣಪ್ಪ.

“ಇಡೀರಪ್ಪಾ ಅವನ್ನ! ನನ್ ಮಗನ್ಗೆ ಸೊಂ...”

ತಾಯಿ ಆ ಮಾತು ಮುಗಿಸಿದರೆ ಜಾಗ ಹೋದಂತೆಯೇ. “ಗಾಡಿ ತಪ್ಪೋಯ್ತದಮ್ಮಾ!” ಎಂದು ಏನೋ ಒಂದು ಕೂಗಿ ಅವಳ ಮಾತನ್ನು ಮುಚ್ಚಿ ಆದಿನಾರಾಯಣ ಓಡಿದ. ಸೊಣ್ಣಪ್ಪ ಬೆನ್ನಟ್ಟಿದ. ಆದಿನಾರಾಯಣ ಎಡಕ್ಕೆ ನುಸುಳಿದ, ಬಲಕ್ಕೆ ಜಾರಿದ, ಅಂಕಣದ ನಡುವೆ ತಿರುಗಿದ. ಸೊಣ್ಣಪ್ಪ ಹೋರಿಗೆ ಹಾಕುವಂತೆ ಅವನ ಹಿಮ್ಮಡಿಗೆ ಕೈ ಹಾಕಿ, ಎತ್ತಿ, ಕವುಚಿ ಕೆಡವಿ, ಸೊಂಟದ ಮೇಲೆ ಭಕ್ತಿಯಿಂದ ಒಂದು ಒದೆ ಕೊಟ್ಟ.

ಕುಪ್ಪುಸ್ವಾಮಿ ಕುರ್ಚಿಯಿಂದ ಎದ್ದರು.

“ಯಾರಯ್ಯಾ ಇವನು! ಸಂಜೆಯಿಂದ ಯಾರಿಗೂ ಸಿಗದವನನ್ನ ಒಂದೇ ಹಿಡಿತಕ್ಕೆ ಕೆಡವಿದನಲ್ಲ! ರೈಡರ್‌ಗಳು ಬೇಕಾದಷ್ಟು ಜನ ಇದ್ದಾರೆ, ಹಿಡಿಯೋನು ಇರಲಿಲ್ಲ. ಒದೆಯೋದೊಂದು ಬಿಡಿಸಿದರೆ ಸಾಕು.” ಇದ್ದ ಒಂದು ಜಾಗಕ್ಕೆ ಸೊಣ್ಣಪ್ಪನ ಹೆಸರು ಬರೆದರು.

ಊರಿನವರು ಚಪ್ಪಾಳೆ ತಟ್ಟಿದರು. “ನೋವು ಓಯ್ತೇನಪ್ಪಾ?” ಎಂದು ತಾಯಿ ಆಸೆಯಿಂದ ಕೇಳಿದಳು.

“ಓಯ್ತಮ್ಮ” ಎಂದ ಆದಿನಾರಾಯಣ, ಮಣ್ಣಿನಿಂದ ಮುಖ ಎತ್ತದೆ. ಇಳಿದಿದ್ದ ಮುಕ್ಕಾಲೂ ಬಡ್ಡಿಸಮೇತ ಮರಳಿತ್ತು.

ಎಲ್ಲರೂ ಆ ಕಡೆ ತಿರುಗಿದಾಗ ಸೊಣ್ಣಪ್ಪ ಪಕ್ಕದಲ್ಲಿ ಕುಕ್ಕರಿಸಿ, ಸೊಂಟ ಹಿಡಿದುಕೊಂಡು ಪಿಸುಗುಟ್ಟಿದ: “ಅಣ್ಣಾ, ನಿನ್ನ ಎತ್ತೋವಾಗ ಚಳಕ್ ಅಂದ್ಬುಡ್ತು. ಆ ಡಾಕ್ಟ್ರಮ್ಮನ ವ್ಯಾಯಾಮ ನಂಗೂ ಏಳ್ಕೊಡಣ್ಣ. ಯಾರ್ಗೂ ಅನ್ಬ್ಯಾಡ, ಸೆಲೆಕ್ಷನ್ ಓಯ್ತದೆ.”

ಆದಿನಾರಾಯಣ ಅವನ ಪಾದಗಳನ್ನು ಬಹಳ ಹೊತ್ತು ನೋಡಿದ.

“ವ್ಯಾಯಾಮ ಯಾತಕ್ಲಾ? ಕಾಲು ನಿನ್ನವೇ ಅಲ್ವಾ, ಒದ್ಕೋ.”