ತೊಂಬತ್ತಾರು ಪಾಲಿನ ಕೇಕು

ನರ್ಸ್ ಫಿಲಿಪಾ "ಅರ್ಥ ಆಯ್ತಾ?" ಎಂದು ಕೇಳಿದಾಗ ಡೆಲ್ವಿನ್ ಹಾಕಿಂಗ್ ತಲೆಯಾಡಿಸಿದಳು. ಎಡವಟ್ಟು ಶುರುವಾದದ್ದು ಅಲ್ಲಿಂದ.

ಪೋರ್ಟ್ ಮೆರಿನ್ ಊರಿನ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಅಂದು ನಲವತ್ತು ಜನ ಕೂತಿದ್ದರು. ತಿಂಡಿ ಪೊಟ್ಟಣಗಳ ಹಿಂದೆ ಅಚ್ಚಾಗುವ, ಕ್ಯಾಲರಿಯಂಥ ಕಿಲೋಜೂಲ್ ಲೆಕ್ಕವನ್ನು ಓದುವುದು ಹೇಗೆ ಎಂಬುದು ನರ್ಸಿನ ಭಾಷಣ. ಅರ್ಥ ಆಯ್ತಾ ಅಂದಾಗ ಮೂವತ್ತೊಂಬತ್ತು ಜನ ನೆಲ ನೋಡಿದರು. ಪಾಪ, ಹುಡುಗಿ ಅಷ್ಟು ಹೊತ್ತು ನಿಂತು ಮಾತಾಡಿದ್ದಾಳೆ, ಬೇಜಾರಾಗಬಾರದು ಅಂತ ಡೆಲ್ವಿನ್ ಒಬ್ಬಳು ತಲೆಯಾಡಿಸಿದಳು. ಅವಳಿಗೂ ಏನೂ ಅರ್ಥವಾಗಿರಲಿಲ್ಲ.

"ಹಾಗಾದ್ರೆ ಶನಿವಾರದ ಟೀಗೆ ಪ್ರತಿ ತಟ್ಟೆ ಮುಂದೂ ಲೆಕ್ಕದ ಚೀಟಿ ಇಡೋ ಕೆಲಸ ನಿಮ್ದೇ. ನಾನೂ ಬಂದು ನೋಡ್ತೀನಿ," ಅಂದಳು ನರ್ಸ್.

ಪ್ರತಿ ಶನಿವಾರ ಬೇರೆ ಊರಿನಿಂದ ಆಡಲು ಬರುವವರಿಗೆ ಕೊಡುವ ಟೀ, ತಿಂಡಿಯ ಕೆಲಸ ಹನ್ನೊಂದು ವರ್ಷದಿಂದ ಡೆಲ್ವಿನ್ನಳ ತಲೆಗೇ ಕಟ್ಟಿತ್ತು. ಬೇರೆಯವರು ಸಿಗುವ ತನಕ ಬಿಡುವ ಹಾಗಿಲ್ಲ, ಬೇರೆಯವರು ಸಿಗುತ್ತಿರಲಿಲ್ಲ. ಮಗಳು ಕೆರೆನ್ಸ ಮೂರು ವರ್ಷದಿಂದ ಹುಡುಗಿಯರ ಕ್ರಿಕೆಟ್ ತಂಡದಲ್ಲಿ ಸ್ಪಿನ್ ಹಾಕುತ್ತಿದ್ದಳು. ಪಂದ್ಯಗಳೂ ಶನಿವಾರವೇ; ಅವಳು ತೆಗೆದ ವಿಕೆಟ್ಟುಗಳಲ್ಲಿ ಒಂದನ್ನೂ ತಾಯಿ ಕಣ್ಣಾರೆ ಕಂಡಿರಲಿಲ್ಲ. ಮಗಳ ಚೆಂಡು ತಿರುಗುವ ಹೊತ್ತಿಗೆ ತಾಯಿ ಟೀ ಡ್ರಮ್ಮಿನ ನಲ್ಲಿ ತಿರುಗಿಸುತ್ತಿದ್ದಳು.

ಕೊನೆಗೂ ಜಾಸ್ಲಿನ್ ಎಂಬ ಪುಣ್ಯಾತ್ಗಿತ್ತಿ ಸಿಕ್ಕಿದ್ದಳು. "ಈ ಶನಿವಾರ ನಿನ್ನ ಜೊತೆ ನಿಂತು ನೋಡ್ತೀನಿ. ಗಲಾಟೆ ಇಲ್ದೆ ಮುಗಿದ್ರೆ ಮುಂದಿನ ವಾರದಿಂದ ನಾನೇ ನೋಡ್ಕೋತೀನಿ," ಎಂದಿದ್ದಳು.

ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರ ಗುರ್ರೆನ್ನುತ್ತಿರುವಾಗ ಡೆಲ್ವಿನ್ ತಾನು ಮಾಡಿದ ಕ್ಯಾರಮೆಲ್ ಸ್ಲೈಸ್ ಎಂಬ ಸಿಹಿಗೆ ಹಾಕಿದ ಬಿಸ್ಕತ್ತಿನ ಪೊಟ್ಟಣ, ಸಿಹಿ ಹಾಲಿನ ಡಬ್ಬಿ, ಬೆಣ್ಣೆ ಸುತ್ತಿದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕನ್ನಡಕ ಮೂಗಿಗೇರಿಸಿ ಕೂತಳು. ಅಕ್ಷರಗಳು ಸಾಲು ಹೊರಟ ಇರುವೆಗಳಷ್ಟು. ಅಂಕಿಗಳದು ಎರಡು ಸಾಲು: ಒಂದು ನೂರು ಗ್ರಾಮಿಗೆ, ಇನ್ನೊಂದು ಒಂದು ಪಾಲಿಗೆ. ದೊಡ್ಡ ಅಂಕಿ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಚಿಕ್ಕದನ್ನು ನೋಡಿದರೆ ಹಸಿವಾಗುತ್ತಿತ್ತು. ಬಿಸ್ಕತ್ತಿನ ಪೊಟ್ಟಣದ ಮೇಲೆ 'ಇದರಲ್ಲಿ ಒಂಬತ್ತು ಪಾಲುಗಳಿವೆ' ಎಂದಿತ್ತು. ಇಷ್ಟು ವರ್ಷ ಅವಳು ಟೀವಿ ಮುಂದೆ ಕೂತು ಒಂಬತ್ತು ಜನರ ಪಾಲನ್ನು, ಉಳಿದ ಎಂಟು ಜನಕ್ಕೆ ಒಂದು ಮಾತೂ ಹೇಳದೆ, ಒಬ್ಬಳೇ ಮುಗಿಸಿದ್ದಳು.

"ಎಷ್ಟು ಬಂತಮ್ಮಾ?" ಬೂಟಿನ ದಾರ ಕಟ್ಟುತ್ತಾ ಕೆರೆನ್ಸ ಕೇಳಿದಳು.

"ಇಡೀ ತಟ್ಟೆಗೆ ಇಪ್ಪತ್ತೆರಡು ಸಾವಿರ ಕಿಲೋಜೂಲ್."

"ಒಬ್ಬರಿಗೆ ದಿನಕ್ಕೆ ಎಷ್ಟು ಸಾಕಂತೆ?"

"ಎಂಟು ಸಾವಿರದ ಏಳ್ನೂರು ಅಂದಳು ನರ್ಸು."

"ಮತ್ತೆ ಕತ್ತರಿಸೋವಾಗ ನೀನು ಅಂಚು ಅಂಚೇ ಬಾಯಿಗೆ ಹಾಕ್ಕೋತೀಯಲ್ಲ, ಅದು?"

"ಅಂಚು ಲೆಕ್ಕಕ್ಕಿಲ್ಲ ಕಣೆ. ಅದು ಮಾಡಿದೋಳ ಸುಸ್ತಿಗೆ."

ಕೆರೆನ್ಸ ನಗಲಿಲ್ಲ. "ಇವತ್ತು ಗೆದ್ರೆ ಮುಂದಿನ ಶನಿವಾರ ಫೈನಲ್ಲು. ಬರ್ತೀಯ ತಾನೆ?"

"ಇವತ್ತು ಕ್ಲಬ್ಬಲ್ಲಿ ಯಾರೂ ಯಾರ ಜೊತೆಗೂ ಕಿತ್ತಾಡದೆ ಇದ್ರೆ ಬರ್ತೀನಿ," ಅಂದಳು ಡೆಲ್ವಿನ್. ಹಾಗೆಂದಾಗ ಅವಳಿಗೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಅಂದು ಪಕ್ಕದ ಊರು ಕೂರಾಬಿಯ ತಂಡದ ಜೊತೆ ಪಂದ್ಯ. ಹನ್ನೆರಡು ಗಂಟೆಗೆ ಹೆಂಗಸರು ತಿಂಡಿಯ ತಟ್ಟೆಗಳನ್ನು ಹಿಡಿದು ಕ್ಲಬ್ಬಿಗೆ ಬಂದರು. ಯಾರು ಏನೇನು ಹಾಕಿದ್ದಾರೆ ಅಂತ ಡೆಲ್ವಿನ್ ಹಿಂದಿನ ದಿನವೇ ಕೇಳಿ, ಲೆಕ್ಕ ಹಾಕಿ, ಚೀಟಿ ಬರೆದಿದ್ದಳು. ಎಂಬತ್ತೊಂದರ ಮಿಸೆಸ್ ಟ್ರೆಲೋರ್ ತಮ್ಮ ಹಣ್ಣಿನ ಕೇಕಿನ ಚೀಟಿಯನ್ನು ಎತ್ತಿ, ಕಣ್ಣಿನಿಂದ ದೂರ ಹಿಡಿದು ಓದಿದರು.

"ಒಂದು ಪಾಲಿಗೆ ಸಾವಿರದ ಆರ್ನೂರು. ಜಾಸ್ಲಿನ್ನಳ ಸ್ಪಾಂಜ್ ಕೇಕಿಗೆ?"

"ಸಾವಿರದ ಮುನ್ನೂರು," ಅಂದಳು ಜಾಸ್ಲಿನ್ ಮೆಲ್ಲಗೆ. ಮೆಲ್ಲಗೆ ಅಂದರೂ ಗೆದ್ದವಳ ದನಿ.

"ಹಾಗಾದ್ರೆ ನಂದು ವಿಷ ಅನ್ನು. ಐವತ್ತು ವರ್ಷದಿಂದ ಊರಿಗೆ ವಿಷ ಹಾಕ್ತಾ ಇದೀನಿ. ಡೆಲ್ವಿನ್, ಎಷ್ಟು ತುಂಡು ಅಂತ ಹಿಡಿದಿದ್ದೀಯ?"

"ಇಪ್ಪತ್ನಾಲ್ಕು, ಮಿಸೆಸ್ ಟ್ರೆಲೋರ್."

"ನಲವತ್ತೆಂಟು ಅಂತ ಹಾಕು."

ಟ್ರೆಲೋರ್ ಮುನಿದರೆ ಮುನಿಸು ಜಾಸ್ಲಿನ್ ಮೇಲೆ ಇಳಿಯುತ್ತದೆ. ಅದು ಇಳಿದರೆ ಜಾಸ್ಲಿನ್ ಓಡಿಹೋಗುತ್ತಾಳೆ. ಡೆಲ್ವಿನ್ ರಬ್ಬರಿನಿಂದ ಉಜ್ಜಿ ನಲವತ್ತೆಂಟು ಅಂತ ಬರೆದಳು. ಒಂದು ಪಾಲಿನ ಲೆಕ್ಕ ಎಂಟುನೂರಕ್ಕೆ ಇಳಿಯಿತು. ಕೇಕು ಇದ್ದ ಹಾಗೇ ಕೂತಿತ್ತು, ಒಂದು ದ್ರಾಕ್ಷಿಯೂ ಕಡಿಮೆಯಾಗಲಿಲ್ಲ. ಮಿಸೆಸ್ ಟ್ರೆಲೋರ್ ಮಾತ್ರ ಎರಡು ಕಿಲೋ ಇಳಿದವರ ಹಾಗೆ ಕಂಡರು.

"ಹಾಗೂ ಮಾಡಬಹುದಾ?" ಜಾಸ್ಲಿನ್ ಬಂದಳು. "ಹಾಗಾದ್ರೆ ನಂದು ಮೂವತ್ತೆರಡು ಮಾಡು."

ಸ್ಪಾಂಜು ಐನೂರಕ್ಕೆ ಬಂತು. ಮಿಸೆಸ್ ಟ್ರೆಲೋರ್ ಚೀಟಿ ವಾಪಸು ಚಾಚಿದರು. "ತೊಂಬತ್ತಾರು." ಜಾಸ್ಲಿನ್ ಅರವತ್ತನಾಲ್ಕು ಅಂದಳು. ಆಮೇಲೆ ಉಳಿದ ಹೆಂಗಸರೂ ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಸಾಲು ನಿಂತರು. ರಬ್ಬರು ಅರ್ಧ ಸವೆಯಿತು. ಎಲ್ಲರದೂ ಮುಗಿದ ಮೇಲೆ ಇಡೀ ಮೇಜಿನಲ್ಲಿ ತನ್ನ ಸ್ಲೈಸೇ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಾಗ, ಡೆಲ್ವಿನ್ನಳೂ ಆಚೆ ಈಚೆ ನೋಡಿ ಹದಿನಾರು ಅಂತಿದ್ದುದನ್ನು ಎಂಬತ್ತು ಮಾಡಿದಳು. ಅವಳೇನು ಆಕಾಶದಿಂದ ಇಳಿದವಳಲ್ಲ.

ಅಡಿಗೆಮನೆಯಲ್ಲಿ ಶಾಂತಿ ನೆಲೆಸಿತು. ಚೀಟಿಯಲ್ಲಿ ಬರೆದಷ್ಟು ತುಂಡು ನಿಜವಾಗಿ ಕತ್ತರಿಸಬೇಕು ಎಂದು ಯಾರೂ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಒಂದೂವರೆಗೆ ಕ್ಲಬ್ಬಿನ ಅಧ್ಯಕ್ಷ ರೆಕ್ಸ್ ಪಾಸ್ಕೋ ವಾಸನೆ ಹಿಡಿದು ಒಳಗೆ ಬಂದ. ಮೇಜಿನ ಉದ್ದಕ್ಕೂ ನಡೆದು, ಪ್ರತಿ ಚೀಟಿಯನ್ನೂ ಓದಿ, ಅಂಗೈ ಮೇಲೆ ಬೆರಳಿನಿಂದ ಏನೋ ಕೂಡಿಸಿದ.

"ಆರ್ನೂರ ಹನ್ನೆರಡು ಪಾಲು. ಅಲ್ಲ ಡೆಲ್ವಿನ್, ಕೂರಾಬಿಯಿಂದ ಆಡೋಕೆ ಬಂದಿರೋದು ಅರವತ್ತು ಜನ ಮಾರಾಯ್ತಿ."

ಅದು ಬರೀ ಪೆನ್ಸಿಲಿನ ಕೇಕು ಕಣಯ್ಯ, ಎನ್ನಬೇಕಿತ್ತು. ಆದರೆ ಅವಳ ಎಡಕ್ಕೆ ಮಿಸೆಸ್ ಟ್ರೆಲೋರ್, ಬಲಕ್ಕೆ ಜಾಸ್ಲಿನ್.

"ಸ್ವಲ್ಪ ಜಾಸ್ತೀನೇ ಆಯ್ತೇನೋ," ಅಂದಳು.

"ಬಿಡು, ನಾನು ನೋಡ್ಕೋತೀನಿ," ಅಂತ ರೆಕ್ಸ್ ಹೊರಗೆ ಹೋದ. ಗಂಡಸು ನಾನು ನೋಡ್ಕೋತೀನಿ ಅಂದಾಗ ಹಿಂದೆಯೇ ಓಡಬೇಕಿತ್ತು. ಡೆಲ್ವಿನ್ ಓಡಲಿಲ್ಲ, ಲೋಟ ಒರೆಸುತ್ತಿದ್ದಳು.

ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಅಂಗಳದಲ್ಲಿ ನಾಲ್ಕು ಬಸ್ಸು ನಿಂತವು. ಕೂರಾಬಿಯಲ್ಲಿ ಅಂದು ಮಕ್ಕಳ ಈಜಿನ ಸ್ಪರ್ಧೆ. ರೆಕ್ಸ್ ಫೋನು ಮಾಡಿ, ನಮ್ಮಲ್ಲಿ ತಿಂಡಿ ಉಕ್ಕಿ ಹರೀತಿದೆ, ಮಕ್ಕಳು ಮರಿ ಸಮೇತ ಬನ್ನಿ ಎಂದಿದ್ದ. ಒದ್ದೆ ತಲೆಯ ಇನ್ನೂರು ಜನ ಇಳಿದರು. ಬೆಳಿಗ್ಗೆಯಿಂದ ಈಜಿದ ಮಕ್ಕಳ ಹಸಿವು ಹೇಗಿರುತ್ತದೆಂಬುದು ಹೆತ್ತವರಿಗೆ ಗೊತ್ತು.

"ಈಗೇನ್ ಮಾಡೋದು?" ಜಾಸ್ಲಿನ್ನಳ ಮುಖ ಸ್ಪಾಂಜಿನ ಬಣ್ಣಕ್ಕೆ ತಿರುಗಿತ್ತು.

"ಬರೆದ ಹಾಗೇ ಕತ್ತರಿಸೋದು," ಅಂದಳು ಡೆಲ್ವಿನ್. "ತಲೆಗೆ ಎರಡು."

ಮೀನು ಸೀಳುವ ಚಾಕು ಹಿಡಿದು ನಿಂತಳು. ಹಣ್ಣಿನ ಕೇಕು ದಾಳದಷ್ಟು ದಾಳದಷ್ಟು ಚೂರುಗಳಾಗಿ, ಚೂರಿಗೊಂದು ದ್ರಾಕ್ಷಿಯಂತೆ ಹಂಚಿಹೋಯಿತು. ಸ್ಪಾಂಜು ಮೂವತ್ತನೇ ತುಂಡಿನ ತನಕ ತಡೆದು, ಆಮೇಲೆ ಕುಸಿದು ಪುಡಿಯಾಯಿತು. ಅದನ್ನು ಟೀ ಚಮಚದಲ್ಲಿ ಇಟ್ಟು ಕೊಟ್ಟರು. ಅಂಚು ಬಾಯಿಗೆ ಹಾಕಿಕೊಳ್ಳಲು ಅಂಚೇ ಉಳಿಯಲಿಲ್ಲ. ಕೂರಾಬಿಯ ಹಿರಿಯರೊಬ್ಬರು ತಮ್ಮ ಚೂರನ್ನು ನಾಲಗೆ ಮೇಲಿಟ್ಟು, ಕಣ್ಣು ಮುಚ್ಚಿ ಯೋಚಿಸಿ, "ಚೆನ್ನಾಗಿದೆಯಮ್ಮ, ಇದನ್ನೇ ಕೊಡು," ಅಂದರು. ರುಚಿ ನೋಡಲು ಕೊಟ್ಟದ್ದು ಅಂದುಕೊಂಡಿದ್ದರು ಪಾಪ.

ಸಭಾಂಗಣದಲ್ಲಿ ಮಕ್ಕಳು ಖಾಲಿ ಚಮಚ ನೆಕ್ಕುತ್ತಿದ್ದರು. ಮಿಸೆಸ್ ಟ್ರೆಲೋರ್ ಗೋಡೆಗೆ ಮುಖ ಮಾಡಿ ಕೂತಿದ್ದರು. ರೆಕ್ಸ್ ಕುರ್ಚಿಯಿಂದ ಎದ್ದು, ಡೆಲ್ವಿನ್ನಳನ್ನು ಸುಡುವ ಹಾಗೆ ನೋಡುತ್ತಾ ಗಂಟಲು ಸರಿಮಾಡಿಕೊಂಡ.

ಆಗ ಡೆಲ್ವಿನ್ನಳಿಗೆ ಒಂದು ವಿಷಯ ಹೊಳೆಯಿತು. ಹೀಗೆ ಕ್ಲಬ್ಬಿನ ಮಾನ ಕಳೆದ ಮೇಲೆ ಯಾರಾದರೂ ಅವಳನ್ನು ಟೀ ಕೆಲಸದಲ್ಲಿ ಉಳಿಸಿಕೊಳ್ಳುತ್ತಾರೆಯೇ? ಈಗಲೇ, ಎಲ್ಲರ ಮುಂದೆ, ಕಿತ್ತೊಗೆಯುತ್ತಾರೆ. ಮುಂದಿನ ಶನಿವಾರ ಅವಳು ಕ್ರಿಕೆಟ್ ಮೈದಾನದ ಬೇಲಿ ಪಕ್ಕ ಕುರ್ಚಿ ಹಾಕಿ ಕೂರುತ್ತಾಳೆ. ಅವಳು ಏಪ್ರನ್ನಿನ ಗಂಟು ಸಡಿಲಿಸಿ, ಬೈಸಿಕೊಳ್ಳಲು ಖುಷಿಯಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಒಂದು ನಿಮಿಷ, ರೆಕ್ಸ್." ಬಾಗಿಲಲ್ಲಿ ನರ್ಸ್ ಫಿಲಿಪಾ. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ದಾಳದಷ್ಟು ಕೇಕು. ಕಣ್ಣು ಒದ್ದೆಯಾಗಿತ್ತು. "ಆರು ವರ್ಷದಿಂದ ಊರೂರು ಸುತ್ತಿ ಹೇಳ್ತಾ ಇದೀನಿ. ಚೀಟೀಲಿ ಬರೆದ ಪಾಲು, ತಟ್ಟೇಲಿ ಇಡೋ ಪಾಲು ಒಂದೇ ಇರಲಿ ಅಂತ. ಎಲ್ಲರೂ ತಲೆಯಾಡಿಸ್ತಾರೆ, ಯಾರೂ ಮಾಡಲ್ಲ. ಇವತ್ತು ಮೊದಲನೇ ಸಲ ನೋಡಿದೆ."

ನರ್ಸಿನ ಎದುರು ಇನ್ನೊಂದು ಚೂರು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಕೂರಾಬಿಯವರು ಹಸಿದ ಹೊಟ್ಟೆಯಲ್ಲೇ ಚಪ್ಪಾಳೆ ತಟ್ಟಿದರು. ರೆಕ್ಸ್ ಬಾಯಿಗೆ ಬಂದಿದ್ದ ಬೈಗುಳವನ್ನು ನುಂಗಿ, ಇದೆಲ್ಲ ನಮ್ಮ ಕ್ಲಬ್ಬಿನ ಯೋಜನೆ ಎಂದ. ಮಿಸೆಸ್ ಟ್ರೆಲೋರ್ ಕುರ್ಚಿ ಇತ್ತ ತಿರುಗಿಸಿಕೊಂಡರು.

ಜಾಸ್ಲಿನ್ ಏಪ್ರನ್ ಬಿಚ್ಚಿ, ಮಡಚಿ, ಡೆಲ್ವಿನ್ನಳ ಕೈಗಿಟ್ಟಳು. "ಟೀ ಕಾಯಿಸೋಕೆ ಆಗತ್ತೆ ಕಣೆ. ಇಂಥ ಲೆಕ್ಕ ನನ್ನ ಹಣೇಲಿ ಬರೆದಿಲ್ಲ."

"ಡೆಲ್ವಿನ್ ಇರೋವಾಗ ನೀವ್ಯಾಕೆ?" ಅಂದಳು ನರ್ಸ್. "ಮುಂದಿನ ಶನಿವಾರ ಹುಡುಗಿಯರ ಕ್ರಿಕೆಟ್ ಫೈನಲ್ಲು. ಇಡೀ ಜಿಲ್ಲೆ ಬರತ್ತೆ. ಮೈದಾನದ ಕ್ಯಾಂಟೀನು ಪೂರ್ತಿ ಡೆಲ್ವಿನ್ನಿಗೆ ಬಿಟ್ಟುಬಿಡೋಣ."

ಮೈದಾನ ಎಂಬ ಮಾತು ಕೇಳಿ ಡೆಲ್ವಿನ್ನಳಿಗೆ ಹೋದ ಜೀವ ಬಂತು. "ಆ ಕ್ಯಾಂಟೀನಿನ ಕಿಟಕಿ ಯಾವ ಕಡೆಗಿದೆ, ರೆಕ್ಸ್?"

"ಕಾರು ನಿಲ್ಲಿಸೋ ಕಡೆ. ಬಿಸಿಲು ಬೀಳಲ್ಲ, ತಣ್ಣಗಿರತ್ತೆ."

ಸಂಜೆ ಕಾರಿನಲ್ಲಿ ಕೆರೆನ್ಸ ಮೊಣಕಾಲಿನ ಮಣ್ಣು ಕೆರೆಯುತ್ತಾ, ತೆಗೆದ ನಾಲ್ಕು ವಿಕೆಟ್ಟುಗಳನ್ನು ಒಂದೊಂದಾಗಿ ವರ್ಣಿಸಿದಳು. ಆಮೇಲೆ, "ಫೈನಲ್ಲಿಗೆ ಬರ್ತೀಯಲ್ಲಮ್ಮ?" ಎಂದು ಕೇಳಿದಳು.

"ಬರ್ತೀನಿ ಚಿನ್ನ. ಮೈದಾನದಲ್ಲೇ ಇರ್ತೀನಿ." ಡೆಲ್ವಿನ್ ಗೇರು ಬದಲಿಸಿದಳು. "ವಿಕೆಟ್ ಬಿದ್ದಾಗ ಕೂಗ್ತೀಯಲ್ಲ, ಆಗ ಸ್ವಲ್ಪ ಕಾರುಗಳ ಕಡೆ ತಿರುಗಿ ಕೂಗು."